ಎಲೆ ಆರಿಸುವ ಹೊತ್ತು

ವೇದಾವತಿ ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ನಾಲ್ಕು ಹೆಂಚಿನ ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಗೆಯುವ ಕಲ್ಲು, ಅಷ್ಟೆ. ಅಲ್ಲಿ ನಿರಂಜನಯ್ಯ ಎಂಬ ಗುರುಗಳಿದ್ದರು. ಹೆಚ್ಚು ಮಾತಿನವರಲ್ಲ. ಎಲ್ಲರೂ ಅವರನ್ನು ಅಯ್ಯ ಎನ್ನುತ್ತಿದ್ದರು.

ಅವರ ಶಿಷ್ಯ ಚಂದ್ರಮೌಳಿ. ವಯಸ್ಸು ನಲವತ್ತರ ಹತ್ತಿರ. ಅರಸೀಕೆರೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಹೆಂಡತಿ ತೀರಿಕೊಂಡ ಮೂರನೇ ತಿಂಗಳಿಗೆ ಅಂಗಡಿ ಮುಚ್ಚಿ, ಎಂಟು ವರ್ಷದ ಮಗಳು ದಾಕ್ಷಾಯಿಣಿಯನ್ನು ತಿಪಟೂರಿನ ಅಕ್ಕನ ಮನೆಯಲ್ಲಿ ಬಿಟ್ಟು, ಇಲ್ಲಿಗೆ ಬಂದಿದ್ದ.

ಬಂದು ಒಂದೂವರೆ ವರ್ಷವಾಗಿತ್ತು. ಅಕ್ಕ ಮೊದಮೊದಲು ಕಾಗದ ಬರೆಯುತ್ತಿದ್ದಳು, ಅವನು ಒಡೆದೂ ನೋಡುತ್ತಿರಲಿಲ್ಲ. 'ನಾನು ಕೇಳುವ ತನಕ ಬರೆಯಬೇಡ, ಮನಸ್ಸು ನಿಲ್ಲುವುದಿಲ್ಲ' ಎಂದು ಇವನೇ ಒಂದು ಕಾರ್ಡು ಹಾಕಿದ್ದ. ಕಾಗದ ನಿಂತಿತು. ಮನಸ್ಸು ನಿಲ್ಲಲಿಲ್ಲ.

ಗಡಿಯಾರ ಬಿಚ್ಚಿ ನೋಡಿದ ಕೈ ಅವನದು. ಕಂಡದ್ದನ್ನೆಲ್ಲ ಬಿಚ್ಚಿ ನೋಡಬೇಕು. ಹೊಳೆಯ ನೀರು ಕಲ್ಲಿನ ಹಿಂದೆ ಯಾಕೆ ಸುತ್ತುತ್ತದೆ, ಹಲ್ಲಿ ಗೋಡೆಯಿಂದ ಯಾಕೆ ಬೀಳುವುದಿಲ್ಲ, ಕಣ್ಣು ಮುಚ್ಚಿದರೂ ಬೆಳಕು ಯಾಕೆ ಕಾಣುತ್ತದೆ, ಎಲ್ಲವನ್ನೂ ಅಯ್ಯನ ಹತ್ತಿರ ಕೇಳುತ್ತಿದ್ದ. ಮಗಳ ವಿಷಯ ಮಾತ್ರ ಎತ್ತುತ್ತಿರಲಿಲ್ಲ.

ಮುಂಗಾರು ಶುರುವಾದ ದಿನಗಳಲ್ಲಿ ಒಂದು ಬೆಳಗ್ಗೆ ಅವನು ಅಯ್ಯನ ಮುಂದೆ ಬಂದು ಕೂತ.

"ಅಯ್ಯ, ನನಗೆ ಒಂದು ಸಾಧನೆ ಹೇಳಿಕೊಡಿ. ಬರೀ ಕಸ ಗುಡಿಸಿ, ನೀರು ಸೇದಿ ಎಷ್ಟು ದಿನ ಅಂತ ಇರಲಿ?"

ಅಯ್ಯ ಅಂಗಳದಾಚೆಯ ಖಾಲಿ ಜಾಗ ನೋಡಿದರು. ಮೊಣಕಾಲೆತ್ತರದ ಹುಲ್ಲು ಬಿಟ್ಟರೆ ಅಲ್ಲೇನೂ ಇರಲಿಲ್ಲ.

"ಅಲ್ಲಿ ಬಿಸಿಲು ಸುಮ್ಮನೆ ಬೀಳ್ತಿದೆ. ಚಿಟ್ಟೆ ಬರುವಂಥ ಗಿಡ ನೆಡು."

"ಅದು ಸಾಧನೆಯಾ?"

"ನೆಟ್ಟು ನೋಡು. ನನಗೆ ಚಿಟ್ಟೆ ಅಂದರೆ ಇಷ್ಟ."

"ಯಾವ ಗಿಡಕ್ಕೆ ಬರ್ತವೆ?"

"ಗೊತ್ತಿಲ್ಲ. ನಿನಗೆ ಗೊತ್ತಾದಾಗ ಹೇಳು."

ಚಂದ್ರಮೌಳಿ ಹುಲ್ಲು ಕಿತ್ತ. ನೆಲ ಅಗೆದು ಕೊಟ್ಟಿಗೆಗೊಬ್ಬರ ಬೆರೆಸಿದ. ಸಂತೆಯಿಂದ ಚೆಂಡುಹೂವಿನ ಬೀಜ ತಂದ, ಪೇಟೆಯ ನರ್ಸರಿಯಿಂದ ಗೊಂಚಲು ಹೂ ಬಿಡುವ ಪೆಂಟಾಸ್ ಸಸಿ ತಂದ. ಯಾರದೋ ಬೇಲಿಯ ಪಕ್ಕದಲ್ಲಿ ಕಾಸ್ಮಾಸ್ ಹೂಗಿಡ ಬಿದ್ದು ಹುಟ್ಟಿತ್ತು, ಕೇಳಿ ಅದನ್ನೂ ಕಿತ್ತು ತಂದ. ಶ್ರಾವಣ ಮುಗಿಯುವಷ್ಟರಲ್ಲಿ ಆ ಜಾಗ ಕೆಂಪು, ಹಳದಿ, ಗುಲಾಬಿ ಬಣ್ಣಗಳಿಂದ ತುಂಬಿಹೋಯಿತು.

ಚಿಟ್ಟೆಗಳು ಬಂದವು. ಅವನಿಗೆ ಅಚ್ಚರಿಯಾದದ್ದೆಂದರೆ, ಮುಷ್ಟಿಗಾತ್ರದ ಚೆಂಡುಹೂವನ್ನು ಅವು ಮೂಸಿಯೂ ನೋಡಲಿಲ್ಲ. ಒಂದೇ ಸುತ್ತು ಎಸಳಿನ ಬಡಪಾಯಿ ಕಾಸ್ಮಾಸ್‌ಗೆ ಮುತ್ತಿಕೊಂಡವು.

"ಅಯ್ಯ, ಬನ್ನಿ, ನೋಡಿ."

ಅಯ್ಯ ಬಂದರು. ಒಂದು ಚಾಪೆ ಹಾಸಿಕೊಂಡು ಬಿಸಿಲೇರುವ ತನಕ ನೋಡಿದರು. ಎದ್ದು ಹೋಗುವಾಗ ಕೇಳಿದರು.

"ಇವೆಲ್ಲ ಊಟಕ್ಕೆ ಬಂದವು. ಹುಟ್ಟಿದ್ದು ಎಲ್ಲಿ?"

ಚಂದ್ರಮೌಳಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಸುಮ್ಮನೆ ಬಿಡುವವನೂ ಅವನಲ್ಲ.

ಮಾರನೆಯ ದಿನದಿಂದ ಅವನು ಚಿಟ್ಟೆಯ ಹಿಂದೆ ಬಿದ್ದ.

ಒಂದು ಚಿಟ್ಟೆ ಅವನನ್ನು ಹೊಳೆಯ ತನಕ ಎಳೆದುಕೊಂಡು ಹೋಗಿ ಆಚೆ ದಡಕ್ಕೆ ಹಾರಿಬಿಟ್ಟಿತು. ಇನ್ನೊಂದು ಅಡಿಗೆಮನೆಯ ಚಾವಣಿ ಹತ್ತಿತು. ಮೂರನೆಯದರ ಹಿಂದೆ ಮೇಲೆ ನೋಡುತ್ತ ನಡೆದವನು ಸಗಣಿಗುಂಡಿಯಲ್ಲಿ ಕಾಲಿಟ್ಟ. ಅಯ್ಯ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ಐದನೆಯ ದಿನ ಒಂದು ಚಿಟ್ಟೆ ಸಿಕ್ಕಿತು. ಕಪ್ಪು ರೆಕ್ಕೆ, ಮೇಲೆಲ್ಲ ಹಳದಿ ಮಚ್ಚೆ. ಕಾಸ್ಮಾಸ್ ಹೂವಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ನೆಲದಿಂದ ಎರಡು ಮೊಳ ಎತ್ತರದಲ್ಲೇ ಹಾರುತ್ತ, ಒಗೆಯುವ ಕಲ್ಲಿನ ಕಡೆ ಹೋಯಿತು.

ಅಲ್ಲಿ ಅದು ಒಂದು ವಿಚಿತ್ರ ಮಾಡತೊಡಗಿತು.

ಮೊದಲು ಬದನೆಗಿಡದ ಎಲೆಯ ಮೇಲೆ ಇಳಿದು, ಮುಂಗಾಲಿನಿಂದ ಎಲೆಯನ್ನು ತಟತಟ ಬಡಿದು, ಎದ್ದಿತು. ಆಮೇಲೆ ಸೀಬೆಯ ಎಲೆ. ಅಲ್ಲೂ ಬಡಿದು ಎದ್ದಿತು. ದಾಸವಾಳವೂ ಬೇಡವಾಯಿತು. ಕೊನೆಗೆ ಬಚ್ಚಲ ನೀರು ಹರಿಯುವಲ್ಲಿ ತಾನೇ ಹುಟ್ಟಿದ್ದ ನಿಂಬೆಗಿಡಕ್ಕೆ ಬಂತು. ಬಂದರೂ ಕೂತುಬಿಡಲಿಲ್ಲ. ಬಲಿತ ಎಲೆ ಮುಟ್ಟಿ ಬಿಟ್ಟಿತು. ಚಿಗುರಿಗೆ ಬಂದರೆ ಅಲ್ಲಿ ಇರುವೆ ಇತ್ತು, ಅದನ್ನೂ ಬಿಟ್ಟಿತು. ಸುತ್ತು ಹಾಕಿ ಮತ್ತೆ ಬಂತು. ಒಂದೊಂದೇ ಚಿಗುರು ಮುಟ್ಟಿ ನೋಡಿತು.

ಚಂದ್ರಮೌಳಿ ಮಂಡಿಯೂರಿ ಕೂತ. ಉಸಿರು ಬಿಗಿಹಿಡಿದು ನೋಡಿದ.

ಹೊತ್ತು ಬಹಳವಾದ ಮೇಲೆ ಚಿಟ್ಟೆ ಒಂದು ಎಳೆ ಎಲೆಯ ಅಂಚು ಹಿಡಿದು, ಹೊಟ್ಟೆ ಬಾಗಿಸಿ, ಒಂದು ಮೊಟ್ಟೆ ಇಟ್ಟಿತು. ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿ. ಇಟ್ಟದ್ದೇ ತಡ, ಹಾರಿಹೋಯಿತು.

ಅದು ತಿರುಗಿ ಬರುತ್ತದೆಂದು ಅವನು ಸಂಜೆಯವರೆಗೆ ಕಾದ. ಬರಲಿಲ್ಲ. ಮರುದಿನವೂ ಇಲ್ಲ. ಬೇರೆ ಎಲೆಗಳ ಮೇಲೆ ಬೇರೆ ಮೊಟ್ಟೆಗಳು ಕಂಡವು, ಇಟ್ಟ ಚಿಟ್ಟೆ ಯಾವ ಮೊಟ್ಟೆಯ ಹತ್ತಿರವೂ ಇರಲಿಲ್ಲ.

ನಾಲ್ಕನೆಯ ದಿನ ಮೊಟ್ಟೆ ಒಡೆಯಿತು. ದಾರದ ತುಣುಕಿನಂಥ ಹುಳ ಹೊರಗೆ ಬಂದು, ಮೊದಲು ತಾನಿದ್ದ ಮೊಟ್ಟೆಯ ಸಿಪ್ಪೆಯನ್ನೇ ತಿಂದಿತು. ಆಮೇಲೆ ಎಲೆಯ ಅಂಚಿಗೆ ಬಾಯಿ ಹಾಕಿತು. ಯಾರೂ ತೋರಿಸಿಕೊಡಲಿಲ್ಲ, ಯಾರೂ ಉಣಿಸಲಿಲ್ಲ.

ಚಂದ್ರಮೌಳಿಯ ಎದೆ ಹಗುರಾಯಿತು. ಎಷ್ಟೋ ದಿನದಿಂದ ಹೊತ್ತ ಒಂದು ಭಾರ ಇಳಿದಂತಾಯಿತು. ಅವನು ನೇರ ಅಯ್ಯನ ಹತ್ತಿರ ಹೋದ.

"ಅಯ್ಯ, ಹುಟ್ಟುವುದು ಎಲ್ಲಿ ಅಂತ ಗೊತ್ತಾಯಿತು. ನಿಂಬೆಗಿಡದ ಮೇಲೆ."

"ಹೌದಾ? ಸಂತೋಷ."

"ಇನ್ನೊಂದೂ ಗೊತ್ತಾಯಿತು. ತಾಯಿಚಿಟ್ಟೆ ಮೊಟ್ಟೆ ಇಟ್ಟು ಹೋಗ್ತದೆ. ಹಿಂದಿರುಗಿ ನೋಡುವುದಿಲ್ಲ. ಮರಿ ತನ್ನ ಪಾಡಿಗೆ ತಾನು ಬೆಳೀತದೆ. ಅದಕ್ಕೇನೂ ಕಡಿಮೆಯಾಗಲಿಲ್ಲ."

ಅಯ್ಯ ಅವನ ಕಡೆ ತಿರುಗಿ ಕೂತರು.

"ನನಗೆ ಒಂದು ಮಗಳಿದ್ದಾಳೆ, ಅಯ್ಯ. ಅಕ್ಕನ ಮನೆಯಲ್ಲಿ ಬಿಟ್ಟು ಬಂದೆ. ತಪ್ಪು ಮಾಡಿದೆನೇನೋ ಅಂತ ಒಳಗೊಳಗೇ ಕೊರೀತಿತ್ತು. ಇವತ್ತು ಅದು ಹೋಯಿತು. ಬಿಡುವುದು ಅಂದರೆ ಹೀಗೇ ಬಿಡಬೇಕು, ಅಲ್ಲವಾ?"

 ಅಯ್ಯನ ಮುಖದಲ್ಲಿ ಒಪ್ಪಿಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು.

"ಅದಕ್ಕೆ ಎಷ್ಟು ಹೊತ್ತು ಹಿಡೀತು?"

"ಯಾವುದಕ್ಕೆ, ಅಯ್ಯ?"

"ಎಲೆ ಆರಿಸೋದಕ್ಕೆ."

ಚಂದ್ರಮೌಳಿ ನೆನಪು ಮಾಡಿಕೊಂಡ. "ಹತ್ತಿರ ಹತ್ತಿರ ಒಂದು ಗಂಟೆ. ಜಾಸ್ತಿಯೇ ಇರಬಹುದು."

"ನಿನಗೆ?"

 

ಮಗಳನ್ನು ಬಿಟ್ಟುಬಂದ ಆ ದಿನ ಅವನ ಕಣ್ಣಿಗೆ ಕಟ್ಟಿತು. ಬೀದಿ ಕೊನೆಯಲ್ಲಿ ಆಟೋ ಕಾಯಿಸಿ ನಿಲ್ಲಿಸಿದ್ದ. ಅಕ್ಕನ ಮನೆಯ ಮೆಟ್ಟಿಲ ಮೇಲೆ ಮಗಳ ಬಟ್ಟೆಚೀಲ ಇಟ್ಟಿದ್ದ. ಅಕ್ಕ ಒಳಗಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಿದ್ದಳು. 'ಒಳಗೆ ಬಾ, ನೀರಾದರೂ ಕುಡಿ' ಎಂದಿದ್ದಳು. ಅವನು ಒಳಗೆ ಹೋಗಿರಲಿಲ್ಲ.

"ಬಸ್ಸು ಹೊರಡುವುದರಲ್ಲಿತ್ತು, ಅಯ್ಯ," ಎಂದ.

ಅಯ್ಯ ಎದ್ದು ಹೋಗಿ, ಮೂಲೆಯಲ್ಲಿದ್ದ ತಂಬಿಗೆ ತಗೊಂಡು, ಬಿಸಿಲಿಗೆ ಬಾಡುತ್ತಿದ್ದ ಪೆಂಟಾಸ್ ಗಿಡಗಳಿಗೆ ಒಂದೊಂದಾಗಿ ನೀರು ಹಾಕತೊಡಗಿದರು.

ಆ ಸಂಜೆ ಧ್ಯಾನಕ್ಕೆ ಕೂತ ಚಂದ್ರಮೌಳಿ ಬೇಗ ಎದ್ದುಬಿಟ್ಟ. ಮಾರನೆಯ ಸಂಜೆಯೂ ಅಷ್ಟೆ. ವಾರವಿಡೀ ಹೀಗೇ ಕಳೆದು, ಎಂಟನೆಯ ದಿನ ಅಯ್ಯನ ಮುಂದೆ ನಿಂತ.

"ಒಂದು ಸಲ ತಿಪಟೂರಿಗೆ ಹೋಗಿಬರಲಾ?"

"ಹೋಗಿ ಬಾ. ಬಿಸಿಲೇರುವ ಮೊದಲು ಹೊರಡು."

"ಅಲ್ಲಿ ಹೋಗಿ ಏನು ಮಾಡಲಿ?"

"ಇಲ್ಲಿ ಏನು ಮಾಡಿದೆಯೋ ಅದನ್ನೇ ಮಾಡು. ಕೂತು ನೋಡು."

ಮಧ್ಯಾಹ್ನದ ಹೊತ್ತಿಗೆ ಅವನು ಅಕ್ಕನ ಮನೆ ತಲುಪಿದ. ಅವಳ ಹೆಸರು ಸರ್ವಮಂಗಳ. ಬಾಗಿಲಲ್ಲಿ ತಮ್ಮನನ್ನು ಕಂಡು ಅವಳು ಒಂದು ಲೋಟ ನೀರು ತಂದುಕೊಟ್ಟಳು. ಈ ಸಲ ಅವನು ಒಳಗೆ ಬಂದು ಕೂತು ಕುಡಿದ.

ನಡುಮನೆಯಲ್ಲಿ ಒಂದು ಮಂಚ. ಮಂಚದ ಮೇಲೆ ಅಕ್ಕನ ಅತ್ತೆ ಮಲಗಿದ್ದರು. ಲಕ್ವ ಹೊಡೆದು ಒಂದು ಪಕ್ಕ ಪೂರಾ ಬಿದ್ದುಹೋಗಿತ್ತು. ಅವರ ತಲೆಯ ಪಕ್ಕ ಒಂದು ಹುಡುಗಿ ನಿಂತು, ದಿಂಬನ್ನು ಎತ್ತರ ಮಾಡಿ, ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಬಾಯಿಂದ ಸುರಿದದ್ದನ್ನು ಬಟ್ಟೆಯಿಂದ ಒರೆಸಿ, ಗಂಟಲು ಇಳಿಯಿತೇ ಎಂದು ನೋಡಿ, ಆಮೇಲೆ ಇನ್ನೊಂದು ಚಮಚ ಹಾಕುತ್ತಿದ್ದಳು. 

ಅದು ತನ್ನ ಮಗಳು ದಾಕ್ಷಿ ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಗಂಜಿ ಬಟ್ಟಲು ಕೆಳಗಿಟ್ಟು ನೋಡಿದಳು.

"ನೀವು ಕೂತ್ಕೊಳ್ಳಿ. ಅಜ್ಜಿಗೆ ಇನ್ನು ನಾಲ್ಕು ಚಮಚ ಇದೆ," ಎಂದಳು.

ಅವನನ್ನು ಅವಳು ಯಾವತ್ತೂ ನೀವು ಅಂದಿರಲಿಲ್ಲ. 'ಅಪ್ಪ, ನೀನು ಬಾ, ಅಪ್ಪ, ನೀನು ಕೊಡು' ಎಂದು ಅಂಗಡಿಯಲ್ಲಿ ತೊಡೆ ಹತ್ತಿ ಕೂರುತ್ತಿದ್ದ ಮಗು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮರ್ಯಾದೆಯನ್ನು ತಡೆದುಕೊಳ್ಳಲು ಅವನಿಗೆ ಆಗಲಿಲ್ಲ.

ಅಡಿಗೆಮನೆಯಲ್ಲಿ ಅಕ್ಕನ ಹತ್ತಿರ ಮೆಲ್ಲಗೆ ಕೇಳಿದ. "ಅತ್ತೆಗೆ ಹೀಗಾಗಿ ಎಷ್ಟು ದಿನ?"

"ನೀನು ಇವಳನ್ನು ತಂದು ಬಿಟ್ಟೆಯಲ್ಲ, ಅದಕ್ಕೆ ಎಂಟು ದಿನ ಮೊದಲು."

"ಹೇಳಬಾರದಿತ್ತಾ, ಅಕ್ಕ?"

"ನೀನು ಒಳಗೆ ಬಂದಿದ್ದರೆ ಕಾಣ್ತಿತ್ತು. ಕೇಳಿದ್ದರೆ ಹೇಳ್ತಿದ್ದೆ. ಆಮೇಲೆ ನಾನು ಕಾಗದ ಬರೆದೆ, ಓದಿದೆಯೋ ಇಲ್ಲವೋ, ನೀನು ಬರೀಬೇಡ ಅಂದೆ."

ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ನೋಡು ಮೌಳಿ, ನಾನು ಅವಳಿಗೆ ಊಟ ಹಾಕಿದೀನಿ, ಬಟ್ಟೆ ಹೊಲಿಸಿದೀನಿ. ಕೆಲಸಾನೂ ಮಾಡಿಸಿದೀನಿ. ಸುಳ್ಳು ಹೇಳಲ್ಲ. ನಿಮ್ಮ ಭಾವ ಬೆಳಗ್ಗೆ ಕೊಬ್ಬರಿ ಮಂಡಿಗೆ ಹೋದರೆ ಬರೋದು ದೀಪ ಹಚ್ಚೋ ಹೊತ್ತಿಗೆ. ಒಬ್ಬಳ ಕೈಲಿ ಅತ್ತೇನ ಎತ್ತೋಕಾಗಲ್ಲ. ಅವಳು ಇಸ್ಕೂಲಿಗೆ ವಾರಕ್ಕೆ ಮೂರು ದಿನ ಹೋದರೆ ಹೆಚ್ಚು. ನನಗೂ ಚೆನ್ನಾಗಿಲ್ಲ ಅಂತ ಗೊತ್ತು."

ಅವನು ಅಲ್ಲೇ ಗೋಡೆಗೊರಗಿ ಕೂತ. ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

ಊಟವಾದ ಮೇಲೆ ದಾಕ್ಷಿ ಬಂದು ಸ್ವಲ್ಪ ದೂರದಲ್ಲಿ ಕೂತಳು. ಹೊರಗಿನವರು ಬಂದಾಗ ಕೂರುವ ಹಾಗೆ.

"ಅಲ್ಲಿ ನೀವು ಏನು ಮಾಡ್ತೀರಿ?"

"ಚಿಟ್ಟೆಗೆ ಗಿಡ ಬೆಳೀತೀನಿ."

ಅವಳು ತಲೆ ಎತ್ತಿದಳು. "ಚಿಟ್ಟೆಗೆ ಅಂತಲೇ ಗಿಡ ಇರ್ತವಾ?"

ಅವನು ಹೇಳಿದ. ಕಾಸ್ಮಾಸ್ ಬೇರೆ, ನಿಂಬೆ ಬೇರೆ, ಉಣ್ಣುವ ಗಿಡ ಬೇರೆ, ಹುಟ್ಟುವ ಗಿಡ ಬೇರೆ. ತಾಯಿಚಿಟ್ಟೆ ಕಾಲಿನಿಂದ ಎಲೆಯ ರುಚಿ ನೋಡುವ ಹಾಗಿತ್ತು ಎಂದೂ ಹೇಳಿದ.

"ರುಚಿ ನೋಡತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ನೋಡಿದರೆ ಹಾಗನ್ನಿಸ್ತು."

"ಬೇರೆ ಗಿಡದ ಮೇಲೆ ಮೊಟ್ಟೆ ಇಟ್ಟರೆ ಏನಾಗತ್ತೆ?"

ಈ ಪ್ರಶ್ನೆಯನ್ನು ಅವನು ತನ್ನನ್ನೇ ಕೇಳಿಕೊಂಡಿರಲಿಲ್ಲ. ಅವನು ಕೇಳದೇ ಬಿಟ್ಟ ಪ್ರಶ್ನೆಗಳೂ ಇದ್ದವು.

"ಅದನ್ನು ನಾನು ನೋಡಿಲ್ಲ, ದಾಕ್ಷಿ."

"ನಾನು ಬಂದು ನೋಡಬಹುದಾ?"

ಚಂದ್ರಮೌಳಿ ಎದ್ದು ಅಡಿಗೆಮನೆಗೆ ಹೋಗಿ ಅಕ್ಕನನ್ನು ಕೇಳಿದ. "ನಾಳಿದ್ದಿಂದ ದಸರಾ ರಜ," ಎಂದಳು ಅಕ್ಕ. "ಹತ್ತು ದಿನ ಕರ್ಕೊಂಡು ಹೋಗು. ಅತ್ತೇನ ಎತ್ತೋಕೆ ಪಕ್ಕದ ಮನೆಯವರಿಗೆ ಹೇಳ್ತೀನಿ."

ಅಪ್ಪ ಮಗಳು ಆಶ್ರಮಕ್ಕೆ ಬಂದಾಗ ಹುಳಗಳು ಬೆಳೆದಿದ್ದವು. ಕಿರುಬೆರಳುದ್ದ, ನಿಂಬೆ ಎಲೆಯದೇ ಹಸಿರು. ದಾಕ್ಷಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಅಯ್ಯ ಪಕ್ಕದಲ್ಲೇ ಕೂತರು.

"ಮುಟ್ಟಲಾ?" ಎಂದಳು ಅವಳು.

"ಮುಟ್ಟು. ಏನಾಗ್ತದೆ ಅಂತ ನನಗೂ ನೋಡಬೇಕು," ಎಂದರು ಅಯ್ಯ.

ಬೆರಳು ತಾಗಿದ್ದೇ ಹುಳ ತಲೆ ಎತ್ತಿ, ಕತ್ತಿನ ಹತ್ತಿರದಿಂದ ಕವಲೊಡೆದ ಕಿತ್ತಳೆ ಬಣ್ಣದ ಕೊಂಬು ಚಾಚಿತು. ಕೊಳೆತ ನಿಂಬೆಹಣ್ಣಿನಂಥ ವಾಸನೆ. ದಾಕ್ಷಿ ಮೂಗು ಮುಚ್ಚಿಕೊಂಡಳು. ಅಯ್ಯ ತಾವೂ ಬೆರಳು ಚಾಚಿ ಮುಟ್ಟಿ, ಬೆರಳು ಮೂಸಿ, ಮುಖ ಕಿವಿಚಿದರು. ಅವಳಿಗೆ ನಗು ಬಂತು. ಒಂದೂವರೆ ವರ್ಷದಲ್ಲಿ ಆ ನಗುವನ್ನು ಚಂದ್ರಮೌಳಿ ಒಂದು ಸಲವೂ ನೆನೆಸಿಕೊಂಡಿರಲಿಲ್ಲ. ನೆನೆಸಿಕೊಳ್ಳದಂತೆ ನೋಡಿಕೊಂಡಿದ್ದ.

ಮಾರನೆಯ ದಿನ ಅವಳೇ ಒಂದು ಪರೀಕ್ಷೆ ಮಾಡಿದಳು. ಒಂದು ಹುಳವನ್ನು ಮೆಲ್ಲಗೆ ಕಡ್ಡಿಗೆ ಹತ್ತಿಸಿ ಸೀಬೆ ಎಲೆಯ ಮೇಲೆ ಬಿಟ್ಟಳು. ಹುಳ ಎಲೆಯ ಅಂಚನ್ನು ಸುತ್ತಿತು. ತೊಟ್ಟಿನ ತನಕ ಹೋಯಿತು, ವಾಪಸು ಬಂತು. ಸುತ್ತಲೂ ಹಸಿರು ಎಲೆ. ಬಾಯಿ ಹಾಕಲಿಲ್ಲ. ಬಹಳ ಹೊತ್ತು ಸುತ್ತಿ ಸುತ್ತಿ, ಕೊನೆಗೆ ಅಲುಗಾಡದೆ ನಿಂತುಬಿಟ್ಟಿತು.

"ಅಯ್ಯ, ಇದು ಹಟ ಮಾಡ್ತಿದೆಯಾ?"

"ಇಲ್ಲಮ್ಮ. ಅದಕ್ಕೆ ಇದು ಎಲೆ ಅಂತಲೇ ಗೊತ್ತಿಲ್ಲ ಅನ್ನಿಸ್ತದೆ."

ಅವಳು ಇನ್ನು ಕಾಯಲಿಲ್ಲ. ಹುಳವನ್ನು ಎತ್ತಿ ನಿಂಬೆಗಿಡಕ್ಕೆ ಬಿಟ್ಟಳು. ಅದು ಒಂದು ಕ್ಷಣವೂ ಯೋಚಿಸದೆ ತಿನ್ನತೊಡಗಿತು. ಅವಳು ಅದು ತಿನ್ನುವುದನ್ನು, ಗಂಟಲು ಇಳಿಯುತ್ತಿದೆಯೇ ಎಂಬಂತೆ, ಬಗ್ಗಿ ಬಗ್ಗಿ ನೋಡಿದಳು.

ದಿನವೂ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ದಾಕ್ಷಿ. ಎದ್ದು ಹಾಸಿಗೆ ಸುತ್ತಿಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾಲ್ಕನೆಯ ದಿನ ಚಂದ್ರಮೌಳಿ ಕೇಳಿದ.

"ಯಾಕಮ್ಮ ನಿಂತಿದ್ದೀಯ?"

"ಯಾರಿಗಾದರೂ ನೀರು ಕಾಯಿಸಬೇಕಾ?"

"ಬೇಡ. ಮಲಕ್ಕೋ."

"ನಿದ್ದೆ ಬರಲ್ಲ. ಕೆಲಸ ಇದ್ದರೆ ಹೇಳಿ."

ಆ ದಿನ ಅವನು ಹೂಗಿಡಗಳ ಹತ್ತಿರ ಹೋಗಲಿಲ್ಲ. ಒಗೆಯುವ ಕಲ್ಲಿನ ಮೇಲೆ ಒಬ್ಬನೇ ಬಹಳ ಹೊತ್ತು ಕೂತಿದ್ದ.

ಹತ್ತನೆಯ ದಿನಕ್ಕೆ ಹುಳಗಳೆಲ್ಲ ಕಡ್ಡಿಗಳಿಗೆ ಎಳೆ ಬಿಗಿದುಕೊಂಡು ಗೂಡಾಗಿದ್ದವು. ಒಂದೂ ಬಿಚ್ಚಿಕೊಂಡಿರಲಿಲ್ಲ. ದಾಕ್ಷಿ ಹೊರಡುವ ಮೊದಲು ಎಲ್ಲವನ್ನೂ ಒಂದು ಸುತ್ತು ನೋಡಿ ಬಂದಳು.

"ಯಾವಾಗ ಬಿಚ್ಚಿಕೊಳ್ತವೆ, ಅಯ್ಯ?"

"ಗೊತ್ತಿಲ್ಲಮ್ಮ. ಬಿಚ್ಚಿಕೊಂಡ ದಿನ ಒಂದು ಕಾರ್ಡು ಹಾಕ್ತೀನಿ."

ಚಂದ್ರಮೌಳಿ ತನ್ನ ಬಟ್ಟೆಗಳನ್ನೂ ಕಟ್ಟಿಕೊಂಡಿದ್ದ. ಅಯ್ಯನ ಮುಂದೆ ಬಂದು ನಿಂತ.

"ನಾನು ತಿಪಟೂರಿನಲ್ಲೇ ಇರ್ತೀನಿ, ಅಯ್ಯ. ಅಕ್ಕನ ಬೀದಿಯಲ್ಲಿ ಒಂದು ಕೋಣೆ ಹಿಡೀತೀನಿ. ಗಡಿಯಾರದ ಕೆಲಸ ಮತ್ತೆ ಶುರು ಮಾಡ್ತೀನಿ. ಇವಳು ದಿನಾ ಇಸ್ಕೂಲಿಗೆ ಹೋಗಲಿ. ಅಜ್ಜಿಯನ್ನು ಎತ್ತಿ ಕೂರಿಸೋಕೆ ನನ್ನ ಕೈ ಇದೆ."

"ಆಗಲಿ."

"ಸಾಧನೆ ಅರ್ಧಕ್ಕೇ ನಿಂತ ಹಾಗಾಯಿತಾ?"

"ನಿಂತಿತಾ?" ಎಂದರು ಅಯ್ಯ.

ಚಂದ್ರಮೌಳಿ ಗಿಡಗಳ ಕಡೆ ನೋಡಿದ.

"ಕಾಸ್ಮಾಸ್ ಬೀಜ ಪೂರಾ ಕಪ್ಪಾದ ಮೇಲೆ ತೆಗೀಬೇಕು, ಅಯ್ಯ. ಪೆಂಟಾಸ್‌ಗೆ ದಿನ ಬಿಟ್ಟು ದಿನ ನೀರು ಸಾಕು. ನಿಂಬೆಗಿಡಕ್ಕೆ ಯಾರೂ ಔಷಧಿ ಹೊಡೆಯದ ಹಾಗೆ ನೋಡ್ಕೊಳ್ಳಿ."

"ಆಗಲಿ," ಎಂದರು ಅಯ್ಯ, ಹೇಳಿಸಿಕೊಳ್ಳುವ ಶಿಷ್ಯನ ಹಾಗೆ ತಲೆಯಾಡಿಸುತ್ತ.

ಅವನು ಬಗ್ಗಿ ಪಾದ ಮುಟ್ಟಿದ. ಎದ್ದು ಕೇಳಿದ.

"ಮತ್ತೆ ಯಾವಾಗ ಬರಲಿ, ಅಯ್ಯ?"

ಅಯ್ಯ ಅವನ ಬೆನ್ನ ಹಿಂದೆ, ಚೀಲ ಹಿಡಿದು ನಿಂತಿದ್ದ ದಾಕ್ಷಿಯ ಕಡೆ ನೋಡಿದರು.

"ನನ್ನನ್ನು ಯಾಕೆ ಕೇಳ್ತೀಯ? ಅವಳು ಇಲ್ಲೇ ನಿಂತಿದ್ದಾಳಲ್ಲ."